ಕರೆಂಟ್ ಹೋದರೂ ಮನೆ ನಡೀಬೇಕು: ಕಡಿಮೆ ಖರ್ಚಿನಲ್ಲಿ ಯುಪಿಎಸ್ ಹಾಕಿಸೋಕೆ ಪೂರ್ತಿ ಮಾರ್ಗದರ್ಶಿ

ಏಪ್ರಿಲ್ ಬಂತು ಅಂದ್ರೆ ಮಂಡ್ಯ, ಮೈಸೂರು ಕಡೆ ಸಂಜೆ ಹೊತ್ತು ಗಾಳಿ ಮಳೆ ಶುರು. ಒಂದು ತೆಂಗಿನ ಗರಿ ಲೈನ್ ಮೇಲೆ ಬಿದ್ದರೆ ಸಾಕು, ಬೀದಿಗೆ ಬೀದಿಯೇ ಕತ್ತಲೆ. ಮಳೆ ಇಲ್ಲದ ದಿನ ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಸುಟ್ಟಿರುತ್ತೆ, ಇಲ್ಲಾಂದ್ರೆ ನಿರ್ವಹಣಾ ಕಾಮಗಾರಿ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ಇರೋದಿಲ್ಲ. 1902ರಲ್ಲೇ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ಕರೆಂಟ್ ತಯಾರಿಸೋ ವಿಷಯದಲ್ಲಿ ನಾವು ಹಿಂದೆ ಬಿದ್ದವರಲ್ಲ. ತೊಂದರೆ ಇರೋದು ಕೊನೆಯ ಕಂಬದಿಂದ ಮನೆವರೆಗಿನ ಆ ನಾಲ್ಕು ತಂತಿಯಲ್ಲಿ, ಹಳೆ ಟಿಸಿಯಲ್ಲಿ, ಲೈನಿಗೆ ತಾಗೋ ಮರದ ಕೊಂಬೆಯಲ್ಲಿ. ಅದು ಇವತ್ತೋ ನಾಳೆಯೋ ಸರಿಹೋಗುತ್ತೆ ಅಂತ ಕಾಯುತ್ತಾ ಕೂರೋಕೆ ಆಗಲ್ಲ. ಮಕ್ಕಳ ಪರೀಕ್ಷೆ ಇರುತ್ತೆ, ಮನೆಯಿಂದಲೇ ಕೆಲಸ ಮಾಡೋರಿರ್ತಾರೆ, ನಾಲೆ ಪಕ್ಕದ ಊರಾದರೆ ಫ್ಯಾನ್ ನಿಂತ ಐದು ನಿಮಿಷಕ್ಕೆ ಸೊಳ್ಳೆ ಮುತ್ತಿಕೊಳ್ಳುತ್ತೆ.

ಹಾಗಂತ ಸೀದಾ ಅಂಗಡಿಗೆ ಹೋಗಿ "ಒಂದು ಯುಪಿಎಸ್ ಕೊಡಿ" ಅಂದ್ರೆ ಬೇಡದ್ದಕ್ಕೂ ದುಡ್ಡು ಹೋಗುತ್ತೆ. ಅಂಗಡಿಯವರು ಮೊದಲು ಕೇಳೋದು "ಎಷ್ಟು ರೂಮು ಸಾರ್?" ಅಂತ. ರೂಮಿನ ಲೆಕ್ಕದಲ್ಲಿ ಬ್ಯಾಟರಿ ತಗೊಳ್ಳೋದು ತಪ್ಪು ದಾರಿ. ಮೊದಲು ಮನೆಯ ಲೋಡ್, ಅಂದ್ರೆ ಎಲ್ಲ ಸೇರಿ ಎಳೆಯೋ ವ್ಯಾಟ್, ಇಳಿಸಿ, ಆಮೇಲೆ ಬ್ಯಾಟರಿ ಕೊಳ್ಳಿ. ಈ ಕ್ರಮ ಬಿಡದಿದ್ದರೆ ಇಪ್ಪತ್ತೈದು ಮೂವತ್ತು ಸಾವಿರದ ಆಸುಪಾಸಿನಲ್ಲಿ ಒಂದು ಸಾಮಾನ್ಯ ಕುಟುಂಬ ನೆಮ್ಮದಿಯಾಗಿ ರಾತ್ರಿ ಕಳೆಯಬಹುದು.

ಮೊದಲು: ನಿಮ್ಮ ಮನೇಲಿ ಕರೆಂಟ್ ಹೇಗೆ ಹೋಗುತ್ತೆ ಅಂತ ನೋಡಿ

ಎಲ್ಲರ ಮನೆಯ ಕತೆಯೂ ಒಂದೇ ಅಲ್ಲ. ಕುವೆಂಪುನಗರದಲ್ಲಿ ದಿನಕ್ಕೆ ಎರಡು ಸಲ ಹತ್ತು ನಿಮಿಷ ಹೋಗಿ ಬರಬಹುದು. ನಾಗಮಂಗಲದ ಹಳ್ಳಿಯೊಂದರಲ್ಲಿ ಗಾಳಿ ಮಳೆ ಬಂದ ರಾತ್ರಿ ಹೋದದ್ದು ಮರುದಿನ ಮಧ್ಯಾಹ್ನ ಬರಬಹುದು. ಒಂದೆರಡು ವಾರ ಕ್ಯಾಲೆಂಡರ್ ಮೇಲೇ ಬರೆದಿಡಿ: ಎಷ್ಟು ಹೊತ್ತಿಗೆ ಹೋಯ್ತು, ಎಷ್ಟು ಹೊತ್ತಿಗೆ ಬಂತು. ಇನ್ನೊಂದು ವಿಷಯವನ್ನೂ ಗಮನಿಸಿ. ಕರೆಂಟ್ ಇದ್ದಾಗ ವೋಲ್ಟೇಜ್ ಸರಿಯಾಗಿ ಇರುತ್ತಾ? ಪಂಪ್‌ಸೆಟ್‌ಗೆ ತ್ರೀ ಫೇಸ್ ಕೊಡುವ ಹೊತ್ತಿನಲ್ಲಿ, ಆಲೆಮನೆ ನಡೆಯೋ ಸಮಯದಲ್ಲಿ ಬಲ್ಬು ಮಂಕಾಗುತ್ತಾ, ಫ್ಯಾನು ನಿಧಾನ ಆಗುತ್ತಾ? ಯಾವ ಯುಪಿಎಸ್ ತಗೋಬೇಕು ಅನ್ನೋದಕ್ಕೆ ಮುಂದೆ ಇದು ಬೇಕಾಗುತ್ತೆ.

ಸುಮ್ನೆ ಹತ್ತಿಪ್ಪತ್ತು ನಿಮಿಷ ಹೋಗಿ ಬರುವ ಕಡೆ ದೊಡ್ಡ ಯುಪಿಎಸ್ ಬೇಕೇ ಇಲ್ಲ. ಒಳಗೇ ಪುಟ್ಟ ಬ್ಯಾಟರಿ ಇರೋ ರೀಚಾರ್ಜಬಲ್ ಎಲ್‌ಇಡಿ ಬಲ್ಬ್ ಸಿಗುತ್ತೆ, ಒಂದಕ್ಕೆ ಮುನ್ನೂರರಿಂದ ಐನೂರು ರೂಪಾಯಿ. ಇದನ್ನು ಮಾಮೂಲಿ ಹೋಲ್ಡರ್‌ಗೇ ಹಾಕಬಹುದು. ಕರೆಂಟ್ ಹೋದಾಗ ತಾನೇ ಹೊತ್ತಿಕೊಂಡು ಮೂರು ನಾಲ್ಕು ಗಂಟೆ ಉರಿಯುತ್ತೆ. ಅಡುಗೆಮನೆಗೆ ಒಂದು, ಹಾಲ್‌ಗೆ ಒಂದು, ಬಚ್ಚಲಿಗೆ ಒಂದು. ಆದರೆ ಇದು ಕೆಲಸ ಮಾಡಬೇಕಾದರೆ ಗೋಡೆಯ ಸ್ವಿಚ್ ಆನ್‌ನಲ್ಲೇ ಇರಬೇಕು, ಅದನ್ನು ಮನೆಯವರಿಗೆಲ್ಲ ಹೇಳಿಡಿ. ವೈಫೈ ರೂಟರ್‌ಗೆ ಅಂತಲೇ 12 ವೋಲ್ಟ್‌ನ ಪುಟ್ಟ ಯುಪಿಎಸ್ ಬರುತ್ತೆ, ಸಾವಿರದಿಂದ ಎರಡು ಸಾವಿರ. ಕೊಳ್ಳೋ ಮೊದಲು ರೂಟರ್ ಅಡಾಪ್ಟರ್ ತಿರುಗಿಸಿ ಅದರ ಮೇಲೆ 12 ವೋಲ್ಟ್ ಅಂತಿದೆಯಾ, 9 ವೋಲ್ಟ್ ಅಂತಿದೆಯಾ ಓದಿಕೊಳ್ಳಿ. ಫೈಬರ್ ಕನೆಕ್ಷನ್‌ಗೆ ಎರಡು ಡಬ್ಬಿ ಇದ್ದರೆ ಎರಡಕ್ಕೂ ಕರೆಂಟ್ ಬೇಕು, ಒಂದಕ್ಕೆ ಮಾತ್ರ ಕೊಟ್ಟರೆ ನೆಟ್ ಬರಲ್ಲ. ಇಷ್ಟರಲ್ಲೇ ಕೆಲಸ ಮುಗಿಯೋ ಮನೆಗಳು ಎಷ್ಟೋ ಇವೆ. ಬಾಡಿಗೆ ಮನೆಯವರಿಗಂತೂ ಇದೇ ವಾಸಿ.

ಲೆಕ್ಕ: ಬಿಲ್ಲಿನ ಯೂನಿಟ್ ಭಾಷೆಯಲ್ಲೇ ಯೋಚಿಸಿ

ಎರಡು ಗಂಟೆಗಿಂತ ಜಾಸ್ತಿ ಹೊತ್ತು ಕರೆಂಟ್ ಹೋಗುತ್ತೆ ಅಂದ್ರೆ ಯುಪಿಎಸ್ ಬೇಕು. ಪೇಪರ್ ಪೆನ್ನು ತಗೊಂಡು ಕರೆಂಟ್ ಇಲ್ಲದಾಗ ಬೇಕೇ ಬೇಕು ಅನ್ನೋದನ್ನ ಮಾತ್ರ ಬರೀರಿ. ಒಂದೊಂದೂ ಎಷ್ಟು ವ್ಯಾಟ್ ಎಳೆಯುತ್ತೆ ಅನ್ನೋದು ಹೆಚ್ಚುಕಡಿಮೆ ಹೀಗಿರುತ್ತೆ:

- ಎಲ್‌ಇಡಿ ಬಲ್ಬ್: 9
- ಎಲ್‌ಇಡಿ ಟ್ಯೂಬ್: 20
- ಮಾಮೂಲಿ ಸೀಲಿಂಗ್ ಫ್ಯಾನ್: 75
- ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನೋ ಮೋಟಾರ್ ಇರೋದು): 30
- ವೈಫೈ ರೂಟರ್: 10
- 32 ಇಂಚು ಟಿವಿ: 50
- ಮೊಬೈಲ್ ಚಾರ್ಜರ್: 10ರಿಂದ 20
- ಲ್ಯಾಪ್‌ಟಾಪ್: 50ರಿಂದ 65
- ಮಿಕ್ಸಿ: 500ರಿಂದ 750

ಗೀಸರ್ 2000, ಇಂಡಕ್ಷನ್ ಒಲೆ 1200ರ ಮೇಲೆ, ಇಸ್ತ್ರಿ ಪೆಟ್ಟಿಗೆ 1000. ಈ ಮೂರನ್ನೂ ಈಗಲೇ ಮರೆತುಬಿಡಿ. ನೀರಿನ ಮೋಟಾರ್ ಕೂಡ ಬೇಡ. 1 ಎಚ್‌ಪಿ ಅಂದ್ರೆ 746 ವ್ಯಾಟ್, ಅದೂ ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತೆ. ಕರೆಂಟ್ ಇದ್ದಾಗಲೇ ಟ್ಯಾಂಕ್ ತುಂಬಿಸಿಕೊಳ್ಳೋ ಅಭ್ಯಾಸ ಇಟ್ಟುಕೊಂಡರೆ ಸಾಕು.

ಈಗ ಬ್ಯಾಟರಿ ಕಡೆ ನೋಡಿ. ಮನೆಗೆ ಜಾಸ್ತಿ ಹಾಕಿಸೋದು 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್). ಗುಣಿಸಿದರೆ 1800 ವ್ಯಾಟ್ ಅವರ್. ಅಷ್ಟೂ ನಿಮಗೆ ಸಿಗಲ್ಲ. ದಿನಾ ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಬೇಗ ಸಾಯುತ್ತೆ, ಆದ್ದರಿಂದ ನೂರಕ್ಕೆ 70 ಬಳಸಿ ನಿಲ್ಲಿಸೋದು ಒಳ್ಳೇದು, ಅಲ್ಲಿಗೆ 1260. ಬ್ಯಾಟರಿಯ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಕರೆಂಟ್ ಮಾಡೋ ಹೊತ್ತಿಗೆ ಯುಪಿಎಸ್‌ನಲ್ಲಿ ಐದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತೆ. ಉಳಿದದ್ದು ಸುಮಾರು 1000. ಅಂದ್ರೆ 150 ಎಎಚ್ ಬ್ಯಾಟರಿಯಿಂದ ಕೈಗೆ ಸಿಗೋದು ಬಿಲ್ಲಿನ ಲೆಕ್ಕದಲ್ಲಿ ಒಂದೇ ಒಂದು ಯೂನಿಟ್. ಇದೊಂದನ್ನ ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಯಾರೂ ನಿಮಗೆ ಬೇಡದ್ದನ್ನ ಕಟ್ಟೋಕೆ ಆಗಲ್ಲ.

ಎರಡು ಫ್ಯಾನ್, ನಾಲ್ಕು ಬಲ್ಬ್, ರೂಟರ್, ಟಿವಿ, ಎರಡು ಮೊಬೈಲ್ ಇರೋ ಮನೆ ಅಂತಿಟ್ಟುಕೊಳ್ಳಿ. ಫ್ಯಾನ್ ಎರಡಕ್ಕೆ 150, ಬಲ್ಬಿಗೆ 36, ರೂಟರ್ 10, ಟಿವಿ 50, ಮೊಬೈಲ್‌ಗೆ 20. ಒಟ್ಟು 266. ಒಂದು ಯೂನಿಟ್ ಅಂದ್ರೆ 1000, ಅದನ್ನ 266ರಿಂದ ಭಾಗಿಸಿ. ನಾಲ್ಕು ಗಂಟೆಗೆ ಸ್ವಲ್ಪ ಕಮ್ಮಿ ಬರುತ್ತೆ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ತಿನ್ನೋದು ಎರಡು ಫ್ಯಾನೇ ಅನ್ನೋದು ಗಮನಕ್ಕೆ ಬಂತಲ್ವಾ?

ಬ್ಯಾಟರಿಗೆ ಮುಂಚೆ ಫ್ಯಾನ್ ಬದಲಾಯಿಸಿ

ಅದೇ ಎರಡು ಫ್ಯಾನನ್ನ ಬಿಎಲ್‌ಡಿಸಿ ಮಾಡಿ. 150 ಇದ್ದದ್ದು 60 ಆಯ್ತು. ಒಟ್ಟು ಲೋಡ್ 266ರಿಂದ 176ಕ್ಕೆ ಇಳೀತು. ಅದೇ ಬ್ಯಾಟರಿ ಈಗ ಐದೂವರೆ ಗಂಟೆಗೂ ಜಾಸ್ತಿ ಬರುತ್ತೆ. ಮಲಗುವಾಗ ಟಿವಿ ಆಫ್, ಮೊಬೈಲ್ ಚಾರ್ಜ್ ಆಗಿದೆ, ಒಂದೇ ಬಲ್ಬ್ ಉರೀತಿದೆ ಅಂದ್ರೆ ಲೋಡ್ 80 ವ್ಯಾಟ್ ಮಾತ್ರ. ಸಂಜೆಯಿಂದ ಹೆಚ್ಚು ಬಳಸಿರದಿದ್ದರೆ ಬೆಳಗಿನವರೆಗೆ ಫ್ಯಾನ್ ನಿಲ್ಲಲ್ಲ.

ಬಿಎಲ್‌ಡಿಸಿ ಫ್ಯಾನ್ ಒಂದಕ್ಕೆ ಸುಮಾರು ಎರಡೂವರೆಯಿಂದ ಮೂರೂವರೆ ಸಾವಿರ. ಎರಡಕ್ಕೆ ಆರು ಸಾವಿರ ಅನ್ನಿ. ಇದರ ಬದಲು ಇನ್ನೊಂದು ಬ್ಯಾಟರಿ ಹಾಕಿಸಿದರೆ ಹದಿನಾಲ್ಕು ಹದಿನೈದು ಸಾವಿರ, ಜೊತೆಗೆ ಎರಡು ಬ್ಯಾಟರಿಗೆ 24 ವೋಲ್ಟ್‌ನ ದೊಡ್ಡ ಯುಪಿಎಸ್ಸೇ ಬೇಕು. ಬ್ಯಾಟರಿ ನಾಲ್ಕೈದು ವರ್ಷಕ್ಕೆ ಹೋಗುತ್ತೆ, ಫ್ಯಾನ್ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತೆ, ಕರೆಂಟ್ ಇರೋ ದಿನವೂ ಬಿಲ್ ಉಳಿಸುತ್ತೆ.

ಗೃಹಜ್ಯೋತಿ ಇರೋರಿಗೆ ಇದು ಇನ್ನೂ ಮುಖ್ಯ. ನಿಮ್ಮ ಮನೆಗೆ ನಿಗದಿ ಆಗಿರೋ ಯೂನಿಟ್ ಸಾಮಾನ್ಯವಾಗಿ 2022-23ರ ಸರಾಸರಿಗೆ ಶೇಕಡ 10 ಸೇರಿಸಿ ಬಂದದ್ದು. ಆಗ ಮನೇಲಿ ಯುಪಿಎಸ್ ಇರಲಿಲ್ಲ ಅಂದ್ರೆ ಈಗ ಅದರ ಚಾರ್ಜಿಂಗ್ ಹೊಸದಾಗಿ ಸೇರುತ್ತೆ. ಬ್ಯಾಟರಿಯಿಂದ ಒಂದು ಯೂನಿಟ್ ಬಳಸಿದರೆ ಅದನ್ನ ವಾಪಸ್ ತುಂಬೋಕೆ ಗೋಡೆಯಿಂದ ಒಂದೂವರೆ ಯೂನಿಟ್ ಹತ್ತಿರ ಎಳೆಯುತ್ತೆ, ಯುಪಿಎಸ್ ಸುಮ್ನೆ ಆನ್ ಇರೋದಕ್ಕೂ ಅಷ್ಟಿಷ್ಟು ಹೋಗುತ್ತೆ. ನಿಗದಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. 190ರ ಆಸುಪಾಸಿನಲ್ಲಿರೋ ಮನೆಯವರು ಫ್ಯಾನ್ ಬದಲಾಯಿಸದೆ ಯುಪಿಎಸ್ ಹಾಕಿಸಲೇಬಾರದು ಅಂತ ನಾನು ಹೇಳ್ತೀನಿ. ದಿನಕ್ಕೆ ಹತ್ತು ಗಂಟೆ ಓಡೋ ಎರಡು ಫ್ಯಾನ್ ಬದಲಾಯಿಸಿದರೆ ತಿಂಗಳಿಗೆ 27 ಯೂನಿಟ್ ಉಳಿಯುತ್ತೆ. ಬ್ಯಾಟರಿ ತಿನ್ನೋ ಕರೆಂಟಿನ ದೊಡ್ಡ ಪಾಲು ಅಲ್ಲೇ ಸರಿದೂಗುತ್ತೆ.

ಯುಪಿಎಸ್ ಆರಿಸೋದು

ಬ್ಯಾಟರಿಯಿಂದ ಮಾಡಿಕೊಡೋ ಕರೆಂಟಿನ ಅಲೆ ಹೇಗಿರುತ್ತೆ ಅನ್ನೋದರ ಮೇಲೆ ಅಂಗಡಿಯಲ್ಲಿ ಎರಡು ಥರ ತೋರಿಸ್ತಾರೆ. ಸ್ಕ್ವೇರ್ ವೇವ್ ಸ್ವಲ್ಪ ಅಗ್ಗ, ಪ್ಯೂರ್ ಸೈನ್ ವೇವ್ ಒಂದೂವರೆ ಎರಡು ಸಾವಿರ ಜಾಸ್ತಿ. ಪ್ಯೂರ್ ಸೈನ್ ವೇವ್ ತಗೊಳ್ಳಿ. ಸ್ಕ್ವೇರ್ ವೇವ್‌ನಲ್ಲಿ ಮಾಮೂಲಿ ಫ್ಯಾನ್ ರಾತ್ರಿಯೆಲ್ಲ ಗುಂಯ್ ಅನ್ನುತ್ತೆ, ಮೋಟಾರ್ ಇರೋ ಸಾಮಾನೆಲ್ಲ ಜಾಸ್ತಿ ಬಿಸಿಯಾಗುತ್ತೆ. ಇಲ್ಲಿ ಉಳಿಸೋಕೆ ಹೋಗಬೇಡಿ.

ಯುಪಿಎಸ್ ಅಳತೆ ವಿಎನಲ್ಲಿ (ವೋಲ್ಟ್ ಆಂಪಿಯರ್) ಬರೆದಿರುತ್ತೆ. 900 ವಿಎ ಅಂದ್ರೆ 900 ವ್ಯಾಟ್ ಅಂತ ತಿಳೀಬೇಡಿ, ಸಿಗೋದು 700ರ ಆಸುಪಾಸು. ಮೇಲೆ ಹೇಳಿದ ಮನೆಗೆ ಅದು ಧಾರಾಳ ಆಯ್ತು. ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಓಡಲೇಬೇಕು ಅನ್ನೋರು 1100ಕ್ಕೂ ಮೇಲಿನದನ್ನ ನೋಡಿ. ಮಿಕ್ಸಿ ಎರಡು ನಿಮಿಷ ಓಡಿದರೆ ಯೂನಿಟ್ ಜಾಸ್ತಿ ಹೋಗಲ್ಲ, ಆದರೆ ಆ ಕ್ಷಣದ ಭಾರ ಯುಪಿಎಸ್ ಹೊರಬೇಕು.

ಕವರ್ ಮೇಲೆ ಇನ್ನೂ ಎರಡು ವಿಷಯ ಓದಿ. ಒಂದು, ಚಾರ್ಜಿಂಗ್ ಆಂಪಿಯರ್. 150 ಎಎಚ್ ಬ್ಯಾಟರಿಗೆ 15 ಆಂಪಿಯರ್ ಹತ್ತಿರ ಇರಬೇಕು. ಆಗ ಹತ್ತು ಹನ್ನೆರಡು ಗಂಟೆಯಲ್ಲಿ ತುಂಬುತ್ತೆ. ಚಾರ್ಜರ್ ಚಿಕ್ಕದಿದ್ದು ಕರೆಂಟ್ ಮತ್ತೆ ಮತ್ತೆ ಹೋಗ್ತಿದ್ದರೆ ಬ್ಯಾಟರಿ ಯಾವತ್ತೂ ಪೂರ್ತಿ ತುಂಬಲ್ಲ, ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಕಟ್ಟಿಕೊಂಡು ಎರಡೇ ವರ್ಷಕ್ಕೆ ಕೈಕೊಡುತ್ತೆ. ಇನ್ನೊಂದು, ಹಿಂದುಗಡೆ ಇರೋ ಮೋಡ್ ಸ್ವಿಚ್. ಯುಪಿಎಸ್ ಮೋಡ್‌ನಲ್ಲಿಟ್ಟರೆ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಇಳಿದ ತಕ್ಷಣ ಕರೆಂಟ್ ಇದ್ದರೂ ಬ್ಯಾಟರಿಗೆ ಹೋಗಿಬಿಡುತ್ತೆ. ವೋಲ್ಟೇಜ್ ಸಮಸ್ಯೆ ಇರೋ ಹಳ್ಳಿಗಳಲ್ಲಿ "ಹೊಸ ಬ್ಯಾಟರಿ, ಆದ್ರೂ ನಿಲ್ಲಲ್ಲ" ಅನ್ನೋ ದೂರಿಗೆ ಬಹಳ ಸಲ ಇದೇ ಕಾರಣ. ಅಲ್ಲಿ ವೈಡ್ ಅಥವಾ ನಾರ್ಮಲ್ ಮೋಡ್ ಇಡಿ, ನೂರಿಪ್ಪತ್ತರ ಆಸುಪಾಸಿಗೆ ಇಳಿಯೋವರೆಗೂ ಮೇನ್ ಕರೆಂಟನ್ನೇ ಬಳಸುತ್ತೆ. ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದು, ಕರೆಂಟ್ ಹೋದಾಗ ಅದು ರೀಸ್ಟಾರ್ಟ್ ಆಗಬಾರದು ಅನ್ನೋರು ಮಾತ್ರ ಯುಪಿಎಸ್ ಮೋಡ್ ಇಟ್ಟುಕೊಳ್ಳಿ.

ಬ್ಯಾಟರಿ ಆರಿಸೋದು

ಉದ್ದನೆಯ ಟಾಲ್ ಟ್ಯೂಬ್ಯುಲರ್ ಬ್ಯಾಟರಿಯನ್ನೇ ಕೇಳಿ. ಫ್ಲಾಟ್ ಪ್ಲೇಟ್ ಅಗ್ಗ ಇರಬಹುದು, ದಿನಾ ಕರೆಂಟ್ ಹೋಗೋ ಊರಲ್ಲಿ ಬಾಳಲ್ಲ. ಕಾರಿನ ಬ್ಯಾಟರಿ, ಲಾರಿ ಬ್ಯಾಟರಿ ಮನೇಲಿದೆ ಅಂತ ಅದನ್ನ ಕಟ್ಟೋದು ಬೇಡವೇ ಬೇಡ. ಅವು ಗಾಡಿ ಸ್ಟಾರ್ಟ್ ಮಾಡೋಕೆ ಒಂದು ಕ್ಷಣ ಜೋರಾಗಿ ಕರೆಂಟ್ ಕೊಡಲಿ ಅಂತ ಮಾಡಿದವು, ಗಂಟೆಗಟ್ಟಲೆ ಎಳೆದರೆ ಕೆಲವೇ ತಿಂಗಳಲ್ಲಿ ಹಾಳಾಗುತ್ತವೆ.

ಬ್ಯಾಟರಿ ಮೇಲೆ ಸಿ20 ಅಥವಾ ಸಿ10 ಅಂತ ಬರೆದಿರುತ್ತೆ. 150 ಎಎಚ್ ಸಿ20 ಅಂದ್ರೆ ಏಳೂವರೆ ಆಂಪಿಯರ್‌ನಂತೆ ನಿಧಾನವಾಗಿ ಇಪ್ಪತ್ತು ಗಂಟೆ ಎಳೆದರೆ ಅಷ್ಟು ಸಿಗುತ್ತೆ ಅಂತ. ಬೇಗ ಎಳೆದರೆ ಕಮ್ಮಿ ಸಿಗುತ್ತೆ. ಹಾಗಾಗಿ 150 ಸಿ10 ಬ್ಯಾಟರಿ 150 ಸಿ20ಗಿಂತ ಗಟ್ಟಿ, ಬೆಲೆಯೂ ಜಾಸ್ತಿ.

ವಾರಂಟಿ 36 ಪ್ಲಸ್ 24 ಅಂತ ಬರೆದಿದ್ದರೆ ಐದು ವರ್ಷವೂ ಹೊಸದು ಕೊಡ್ತಾರೆ ಅಂತ ಅರ್ಥ ಅಲ್ಲ. ಮೊದಲ 36 ತಿಂಗಳು ಪುಕ್ಕಟೆ ಬದಲಾವಣೆ, ಆಮೇಲಿನ 24 ತಿಂಗಳು ಹೊಸ ಬ್ಯಾಟರಿ ಬೆಲೆಯಲ್ಲಿ ಸ್ವಲ್ಪ ರಿಯಾಯಿತಿ ಅಷ್ಟೇ. ಮೊದಲ ಅಂಕಿಯನ್ನ ನೋಡಿ ಹೋಲಿಸಿ. ತಯಾರಾದ ತಿಂಗಳು ಯಾವುದು ಅಂತ ಕೇಳಿ, ಅಂಗಡಿಯಲ್ಲಿ ಆರು ತಿಂಗಳು ಕೂತ ಬ್ಯಾಟರಿ ಬೇಡ. ಕಾರ್ಡಿನ ಮೇಲೆ ಸೀಲು, ತಾರೀಖು, ಸೀರಿಯಲ್ ನಂಬರ್ ಹಾಕಿಸಿಕೊಂಡು ಅಲ್ಲೇ ಫೋಟೋ ತೆಗೆದಿಡಿ. ಜಿಎಸ್‌ಟಿ ಬಿಲ್ ಬಿಡಬೇಡಿ, "ಬಿಲ್ ಇಲ್ಲದೆ ಸಾವಿರ ಕಮ್ಮಿ" ಅಂದರೂ ಒಪ್ಪಬೇಡಿ.

ಈಗಿನ ಬೆಲೆಯಲ್ಲಿ 150 ಎಎಚ್ ಟಾಲ್ ಟ್ಯೂಬ್ಯುಲರ್‌ಗೆ ಸುಮಾರು ಹದಿಮೂರರಿಂದ ಹದಿನೇಳು ಸಾವಿರ, 900 ವಿಎ ಪ್ಯೂರ್ ಸೈನ್ ಯುಪಿಎಸ್‌ಗೆ ಆರರಿಂದ ಏಳೂವರೆ ಸಾವಿರ ಅಂತ ಇಟ್ಟುಕೊಂಡು ಹೊರಡಿ. ಮೂರು ಅಂಗಡಿ ವಿಚಾರಿಸಿ. ಆನ್‌ಲೈನ್‌ನಲ್ಲಿ ಐನೂರು ಕಡಿಮೆ ಇದ್ದರೂ ನಾನು ಊರಿನ ಅಂಗಡಿಯನ್ನೇ ಹೇಳೋದು. ಐವತ್ತು ಕೆಜಿಗೂ ಜಾಸ್ತಿ ತೂಗೋ ಬ್ಯಾಟರಿ ಕೆಟ್ಟಾಗ ಬಂದು ನೋಡೋರು ಬೇಕಲ್ವಾ?

ಲಿಥಿಯಂ ಬಗ್ಗೆಯೂ ಕೇಳ್ತಾರೆ. ಮನೆಗೆ ಬರೋದು ಲಿಥಿಯಂ ಐರನ್ ಫಾಸ್ಫೇಟ್. ನೀರು ಹಾಕೋ ಕೆಲಸ ಇಲ್ಲ, ಹಗುರ, ಮೂರು ನಾಲ್ಕು ಗಂಟೆಯಲ್ಲಿ ತುಂಬುತ್ತೆ, 12.8 ವೋಲ್ಟ್ 100 ಎಎಚ್‌ನಲ್ಲೇ 150ರ ಲೆಡ್ ಬ್ಯಾಟರಿಯಷ್ಟು ಕೆಲಸ ಆಗುತ್ತೆ. ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗಿ, ಮಧ್ಯೆ ಸ್ವಲ್ಪ ಹೊತ್ತೇ ಬರೋ ಊರಿಗೆ ಇದೇ ಸೂಕ್ತ. ಮೊದಲ ಖರ್ಚು ಮಾತ್ರ ಜಾಸ್ತಿ. ಲಿಥಿಯಂ ಮೋಡ್ ಇಲ್ಲದ ಹಳೆ ಯುಪಿಎಸ್‌ಗೆ ಕಟ್ಟಬೇಡಿ.

ಎಲ್ಲಿ ಇಡೋದು, ವೈರಿಂಗ್ ಹೇಗೆ

ಚಾರ್ಜ್ ಆಗುವಾಗ ಲೆಡ್ ಬ್ಯಾಟರಿಯಿಂದ ಹೈಡ್ರೋಜನ್ ಗಾಳಿ ಬರುತ್ತೆ. ಅದಕ್ಕೆ ಬೆಂಕಿ ತಾಗಿದರೆ ಸಿಡಿಯುತ್ತೆ. ನಮ್ಮ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಜಾಗ ಇದೆ ಅಂತ ಬ್ಯಾಟರಿ ಇಡ್ತಾರೆ, ಅದರ ಪಕ್ಕದಲ್ಲೇ ದೇವರ ಗೂಡು, ಬೆಳಿಗ್ಗೆ ಸಂಜೆ ದೀಪ. ದಯವಿಟ್ಟು ಇದನ್ನ ಮಾಡಬೇಡಿ. ಗ್ಯಾಸ್ ಸಿಲಿಂಡರ್ ಹತ್ತಿರವೂ ಬೇಡ, ಮುಚ್ಚಿದ ಬೀರುವಿನಲ್ಲೂ ಬೇಡ, ಮಲಗೋ ಕೋಣೆಯಲ್ಲೂ ಬೇಡ. ಕಿಟಕಿ ಅಥವಾ ಬಾಗಿಲಿನ ಗಾಳಿ ಆಡೋ, ಬಿಸಿಲು ಬೀಳದ ಹಾಲ್ ಮೂಲೆ, ಪಡಸಾಲೆ ಚೆನ್ನಾಗಿರುತ್ತೆ. ಮಕ್ಕಳ ಕೈಗೆ ಟರ್ಮಿನಲ್ ಸಿಗದ ಹಾಗೆ ಟ್ರಾಲಿ ಹಾಕಿಸಿ. ಬ್ಯಾಟರಿ ಮೇಲೆ ಬಟ್ಟೆ, ಪೇಪರ್ ಕಟ್ಟು, ಸ್ಪ್ಯಾನರ್ ಇಡೋದನ್ನ ಮನೇಲಿ ಯಾರೂ ಮಾಡಬಾರದು.

ಯುಪಿಎಸ್‌ನಿಂದ ಬ್ಯಾಟರಿಗೆ ಹೋಗೋ ದಪ್ಪ ವೈರನ್ನ ಉದ್ದ ಮಾಡಬೇಡಿ. 12 ವೋಲ್ಟ್‌ನಲ್ಲಿ ಆಂಪಿಯರ್ ಬಹಳ, ಉದ್ದ ಮಾಡಿದಷ್ಟೂ ವೈರ್ ಬಿಸಿಯಾಗಿ ಕರೆಂಟ್ ಹಾಳು. ಕಂಪನಿ ಕೊಟ್ಟಷ್ಟೇ ಇರಲಿ, ನಟ್ ಗಟ್ಟಿಯಾಗಿರಲಿ.

ಮನೆಯ ವೈರಿಂಗ್ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ, ಇದು ನೀವೇ ಮಾಡೋ ಕೆಲಸ ಅಲ್ಲ. ಆದರೆ ಪಕ್ಕದಲ್ಲಿ ನಿಂತು ಇಷ್ಟು ನೋಡಿಕೊಳ್ಳಿ. ಯುಪಿಎಸ್ ಲೈನ್ ಬೇರೆಯೇ ಇರಬೇಕು. ಪ್ರತಿ ರೂಮಿನ ಒಂದು ಫ್ಯಾನ್, ಒಂದು ಬಲ್ಬ್, ಒಂದು 5 ಆಂಪಿಯರ್ ಪ್ಲಗ್ ಮಾತ್ರ ಅದಕ್ಕೆ ಸೇರಲಿ, 15 ಆಂಪಿಯರ್ ಪವರ್ ಪ್ಲಗ್ ಒಂದೂ ಸೇರಬಾರದು. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಮಾಡೋ ಸ್ವಿಚ್) ಇರೋ ಮನೆಯಾದರೆ ಯುಪಿಎಸ್ ಲೈನಿನ ನ್ಯೂಟ್ರಲ್ ಕೂಡ ಬೇರೆ ಎಳೀಬೇಕು, ಎರಡನ್ನೂ ಕಲೆಸಿದರೆ ಸುಮ್ಮಸುಮ್ಮನೆ ಟ್ರಿಪ್ ಆಗ್ತಾ ಇರುತ್ತೆ. ಮೈಸೂರಿನ ಹಳೆ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ವೈರು ದಶಕಗಳಷ್ಟು ಹಳೆಯದು, ಅರ್ತಿಂಗ್ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲ್ಲ. ಆ ದಿನವೇ ಅರ್ತಿಂಗ್ ಪರೀಕ್ಷೆ ಮಾಡಿಸಿ.

ಕೆಲಸ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಹೊರಡೋ ಮುಂಚೆ ಮೇನ್ ಆಫ್ ಮಾಡಿಸಿ. ಬೇಕಾದ ಫ್ಯಾನ್ ಬಲ್ಬ್ ನಡೀತಿದೆಯಾ ನೋಡಿ, ಗೀಸರ್ ಸ್ವಿಚ್ ಹಾಕಿ ಅದು ಬರೋದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಮೀಟರ್ ಕಡೆಯಿಂದ ಬರೋ ವೈರಿನಲ್ಲಿ ಯುಪಿಎಸ್ ಕರೆಂಟ್ ವಾಪಸ್ ಬರ್ತಿಲ್ಲ ಅಂತ ಅವರಿಂದ ಟೆಸ್ಟರ್ ಇಡಿಸಿ ನೋಡಿ. ಇದು ತುಂಬಾ ಮುಖ್ಯ. ಮನೆಯ ಕರೆಂಟ್ ಹಿಂದಕ್ಕೆ ಲೈನಿಗೆ ಹೋದರೆ, ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ. ಜನರೇಟರ್ ಇಟ್ಟುಕೊಂಡೋರು ಅದರ ವೈರನ್ನ ಗೋಡೆ ಪ್ಲಗ್‌ಗೆ ಚುಚ್ಚೋದಂತೂ ಯಾವ ಕಾರಣಕ್ಕೂ ಮಾಡಬಾರದು, ಲೈನ್, ಜನರೇಟರ್ ಎರಡರಲ್ಲಿ ಒಂದನ್ನ ಮಾತ್ರ ಮನೆಗೆ ಸೇರಿಸೋ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಜನರೇಟರನ್ನ ಮನೆಯೊಳಗೆ, ಶೆಡ್ಡಿನೊಳಗೆ ಓಡಿಸಬೇಡಿ, ಅದರ ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತಾಗೋದರೊಳಗೆ ಪ್ರಾಣ ಹೋಗುತ್ತೆ.

ಹೊಸ ಬ್ಯಾಟರಿಯನ್ನ ಮೊದಲ ದಿನ ಹತ್ತು ಹನ್ನೆರಡು ಗಂಟೆ ಪೂರ್ತಿ ಚಾರ್ಜ್ ಆಗೋಕೆ ಬಿಟ್ಟು ಆಮೇಲೆ ಬಳಸಿ.

ನೀರು ಹಾಕೋದು, ನೋಡಿಕೊಳ್ಳೋದು

ನಾಲ್ಕು ವರ್ಷ ಬರಬೇಕಾದ ಬ್ಯಾಟರಿ ಎರಡೇ ವರ್ಷಕ್ಕೆ ಹೋಗೋದು ಹೆಚ್ಚಾಗಿ ನೀರಿನ ವಿಷಯದಲ್ಲೇ. ಎರಡು ತಿಂಗಳಿಗೊಮ್ಮೆ ನೋಡಿ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಬ್ಯಾಟರಿ ಮೇಲೆ ಆರು ಮುಚ್ಚಳ ಇರುತ್ತೆ, ಪ್ರತಿ ಮುಚ್ಚಳದ ನಡುವೆ ಪೆನ್ನಿನ ರೀಫಿಲ್ ಗಾತ್ರದ ತೇಲೋ ಕಡ್ಡಿ. ಅದರ ಮೇಲೆ ಹಸಿರು ಕಂಡರೆ ನೀರು ಸಾಕು, ಕೆಂಪು ಕಂಡರೆ ಅಥವಾ ಕಡ್ಡಿ ಪೂರ್ತಿ ಒಳಗೆ ಇಳಿದಿದ್ದರೆ ನೀರು ಬೇಕು. ಆರೂ ಒಂದೇ ಮಟ್ಟದಲ್ಲಿ ಇರಬೇಕಾಗಿಲ್ಲ, ಯಾವುದು ಕೆಳಗಿದೆಯೋ ಅದಕ್ಕೆ ಮಾತ್ರ ಹಾಕಿ.

ಮೊದಲು ಯುಪಿಎಸ್ ಆಫ್ ಮಾಡಿ, ಪ್ಲಗ್ ತೆಗೀರಿ. ಕೈಗಡಿಯಾರ, ಬಳೆ, ಉಂಗುರ ತೆಗೆದಿಡಿ. ಮೇಲಿನ ಧೂಳು ಒರೆಸಿ, ಆಮೇಲೆ ಮುಚ್ಚಳ ಬಿಚ್ಚಿ, ಇಲ್ಲಾಂದ್ರೆ ಧೂಳು ಒಳಗೆ ಬೀಳುತ್ತೆ. ಪುಟ್ಟ ಪ್ಲಾಸ್ಟಿಕ್ ಆಲಿಕೆ ಇಟ್ಟು ಡಿಸ್ಟಿಲ್ಡ್ ವಾಟರ್ ನಿಧಾನಕ್ಕೆ ಹುಯ್ಯಿರಿ, ಕಡ್ಡಿ ಮೇಲೇಳುತ್ತಾ ಹಸಿರು ಗೆರೆ ಕಂಡ ಕೂಡಲೇ ನಿಲ್ಲಿಸಿ. ಜಾಸ್ತಿ ಹಾಕಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಹೊರಗೆ ಬರುತ್ತೆ. ಕೈಗೆ, ಬಟ್ಟೆಗೆ ತಾಗಿದರೆ ತಕ್ಷಣ ಧಾರಾಳ ನೀರಲ್ಲಿ ತೊಳೀರಿ.

ನಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಪಾತ್ರೆ ತಳ ನೋಡಿದರೆ ಗೊತ್ತಾಗುತ್ತೆ. ಆ ನೀರನ್ನ ಬ್ಯಾಟರಿಗೆ ಹಾಕಿದರೆ ಒಳಗಿನ ಪ್ಲೇಟ್ ಕೆಡುತ್ತೆ. ಕಾವೇರಿ ನೀರೂ ಬೇಡ, ಕಾಯಿಸಿ ಆರಿಸಿದ ನೀರೂ ಬೇಡ, ಫಿಲ್ಟರ್ ನೀರೂ ಬೇಡ. ಡಿಸ್ಟಿಲ್ಡ್ ವಾಟರ್ ಕ್ಯಾನ್ ಒಂದು ತಂದಿಟ್ಟರೆ ಎಷ್ಟೋ ತಿಂಗಳು ಬರುತ್ತೆ. ಆಸಿಡ್ ಯಾವತ್ತೂ ಸೇರಿಸಬೇಡಿ, ಒಳಗಿಂದ ಆವಿಯಾಗಿ ಹೋಗೋದು ನೀರು ಮಾತ್ರ.

ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ವೈರ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆ ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ವ್ಯಾಸಲೀನ್ ಸವರಿ ಗಟ್ಟಿಯಾಗಿ ಬಿಗಿಯಿರಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಸೋಡಾ ನೀರು ಮುಚ್ಚಳದೊಳಗೆ ಹೋಗದ ಹಾಗೆ ನೋಡಿಕೊಳ್ಳಿ. ಆಯುಧಪೂಜೆಗೆ ಬೈಕು ತೊಳೆಯೋ ದಿನ ಇದನ್ನೂ ಮಾಡೋ ರೂಢಿ ಇಟ್ಟುಕೊಂಡರೆ ವರ್ಷಕ್ಕೊಮ್ಮೆ ತಪ್ಪಲ್ಲ.

ಬ್ಯಾಕಪ್ ಕಮ್ಮಿ ಆಯ್ತು ಅನ್ನಿಸಿದರೆ

ಹೊಸ ಬ್ಯಾಟರಿಗೆ ಓಡಬೇಡಿ. ನೀರು ನೋಡಿ, ಟರ್ಮಿನಲ್ ನೋಡಿ. ಯಾರೋ ಯುಪಿಎಸ್ ಪ್ಲಗ್‌ಗೆ ಹೊಸದಾಗಿ ಏನಾದರೂ ಸೇರಿಸಿದ್ದಾರಾ ವಿಚಾರಿಸಿ. ಪೂರ್ತಿ ಚಾರ್ಜ್ ಆಗಿ, ಯುಪಿಎಸ್ ಆಫ್ ಮಾಡಿ ಎರಡು ಮೂರು ಗಂಟೆ ಬಿಟ್ಟ ಮೇಲೆ ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡಿ. 12.6 ಅಥವಾ ಮೇಲಿದ್ದರೆ ತುಂಬಿದೆ, 12.2 ಅಂದ್ರೆ ಅರ್ಧ, 11.8 ಅಂದ್ರೆ ಹೆಚ್ಚುಕಡಿಮೆ ಖಾಲಿ. ರಾತ್ರಿಯೆಲ್ಲ ಚಾರ್ಜ್ ಆದರೂ 12.2 ದಾಟದಿದ್ದರೆ ಬ್ಯಾಟರಿ ಅಂಗಡಿಯವರಿಂದ ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಸಾಧನ) ಇಡಿಸಿ. ತುಂಬಿದ ಬ್ಯಾಟರಿಯ ಆರೂ ಸೆಲ್‌ನಲ್ಲಿ 1240ರಿಂದ 1260ರ ಆಸುಪಾಸು ತೋರಿಸಬೇಕು. ಐದು ಸರಿ ಇದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಆ ಸೆಲ್ ಸತ್ತಿದೆ. ವಾರಂಟಿ ಒಳಗಿದ್ದರೆ ಆ ರೀಡಿಂಗ್ ಬರೆಸಿಕೊಂಡೇ ಬನ್ನಿ.

ಸೋಲಾರ್ ಸೇರಿಸೋದಾದರೆ

ಮಳೆಗಾಲದ ರಾತ್ರಿ ಹೋದ ಕರೆಂಟ್ ಮರುದಿನವೂ ಬರದ ಹಳ್ಳಿಗಳಿಗೆ ಇದು ನಿಜವಾಗಿಯೂ ಬೇಕು. ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತೆ. 350 ವ್ಯಾಟ್‌ನ ಒಂದು ಪ್ಯಾನೆಲ್ ಇದ್ದರೆ ಒಳ್ಳೆ ಬಿಸಿಲಿನ ದಿನ ಬ್ಯಾಟರಿಗೆ ಒಂದು ಯೂನಿಟ್ ಚಿಲ್ಲರೆ ಸೇರುತ್ತೆ. ಮೋಡದ ದಿನ ಅದರ ಅರ್ಧವೂ ಬರದೇ ಇರಬಹುದು. ಪ್ಯಾನೆಲ್ ಮತ್ತು ಕಂಟ್ರೋಲರ್ (ಪ್ಯಾನೆಲ್‌ನಿಂದ ಬ್ಯಾಟರಿಗೆ ಚಾರ್ಜ್ ಹಿಡಿತದಲ್ಲಿಡೋ ಡಬ್ಬಿ) ಜೋಡಿ ಸರಿಯಾಗಿರಲಿ. ದೊಡ್ಡ ಪ್ಯಾನೆಲ್‌ನ ವೋಲ್ಟೇಜ್ 30ಕ್ಕೂ ಮೇಲೆ, ನಿಮ್ಮ ಬ್ಯಾಟರಿ 12. ಮಧ್ಯೆ ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಹಾಕಿದರೆ ಅರ್ಧಕ್ಕರ್ಧ ವ್ಯರ್ಥ. ಆ ಹೆಚ್ಚಿನ ವೋಲ್ಟೇಜನ್ನೂ ಬಳಸಿಕೊಳ್ಳೋ ಎಂಪಿಪಿಟಿ ಕಂಟ್ರೋಲರ್ ಹಾಕಿಸಿ, ಇಲ್ಲಾಂದ್ರೆ 12 ವೋಲ್ಟ್ ಬ್ಯಾಟರಿಗೆ ಅಂತಲೇ ಮಾಡಿದ 36 ಸೆಲ್‌ನ ಪ್ಯಾನೆಲ್ ತಗೊಳ್ಳಿ.

2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ಬಿಲ್ ಇಳಿಸೋಕೆ ಒಳ್ಳೇದೇ. ಆದರೆ ಬ್ಯಾಟರಿ ಇಲ್ಲದ ಆನ್‌ಗ್ರಿಡ್ (ಕಂಬದ ಲೈನಿಗೇ ಸೇರಿಸಿದ) ಸೋಲಾರ್ ಕರೆಂಟ್ ಹೋದ ತಕ್ಷಣ ತಾನೂ ಆಫ್ ಆಗುತ್ತೆ, ಲೈನ್‌ಮನ್ ಸುರಕ್ಷತೆಗೆ ಅದನ್ನ ಹಾಗೇ ಮಾಡಿರೋದು. ತಾರಸಿ ತುಂಬಾ ಪ್ಯಾನೆಲ್ ಇದ್ದು, ಮಟಮಟ ಮಧ್ಯಾಹ್ನ ಬಿಸಿಲಿದ್ದರೂ ಫ್ಯಾನ್ ತಿರುಗಲ್ಲ. ಬ್ಯಾಕಪ್ ಬೇಕು ಅಂದ್ರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು, ಸಹಿ ಹಾಕೋ ಮುಂಚೆ ಇದನ್ನ ಬಾಯಿಬಿಟ್ಟು ಕೇಳಿ.

ಇನ್ನು ಕೆಲವು ವಿಷಯ

ಫ್ರಿಜ್ ಅನ್ನು ಈ ಚಿಕ್ಕ ಯುಪಿಎಸ್‌ಗೆ ಹಾಕಬೇಡಿ. ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಣ್ಣಗೇ ಇರುತ್ತೆ. ಇನ್ಸುಲಿನ್ ಇರೋ ಮನೆಯವರು ಅಷ್ಟರೊಳಗೆ ಐಸ್ ಪ್ಯಾಕ್ ಇರೋ ಡಬ್ಬಿಗೆ ವರ್ಗಾಯಿಸಿ, ಐಸ್‌ಗೆ ನೇರವಾಗಿ ತಾಗದ ಹಾಗೆ ಬಟ್ಟೆ ಸುತ್ತಿ. ಆಕ್ಸಿಜನ್ ಕಾನ್ಸೆಂಟ್ರೇಟರ್ 300 ವ್ಯಾಟ್‌ಗೂ ಜಾಸ್ತಿ ಎಳೆಯುತ್ತೆ, 150ರ ಬ್ಯಾಟರಿಯಲ್ಲಿ ಮೂರು ಗಂಟೆಯೂ ಕಷ್ಟ. ಅಂಥ ಮನೇಲಿ ತುಂಬಿದ ಆಕ್ಸಿಜನ್ ಸಿಲಿಂಡರ್ ಒಂದು ಇರಲೇಬೇಕು, ಬ್ಯಾಟರಿ ಒಂದನ್ನೇ ನಂಬಬೇಡಿ.

ಕರೆಂಟ್ ಬಂದಾಗ ಬಲ್ಬುಗಳು ಕಣ್ಣು ಕುಕ್ಕೋ ಹಾಗೆ ಉರಿದರೆ, ಅಥವಾ ಒಂದು ರೂಮಲ್ಲಿ ಜಾಸ್ತಿ ಒಂದು ರೂಮಲ್ಲಿ ಮಂಕು ಅಂತಾದರೆ ತಕ್ಷಣ ಮೇನ್ ಆಫ್ ಮಾಡಿ. ನ್ಯೂಟ್ರಲ್ ಕಟ್ ಆಗಿರಬಹುದು, ಟಿವಿ ಫ್ರಿಜ್ ಎಲ್ಲ ಒಂದೇ ಏಟಿಗೆ ಸುಡುತ್ತೆ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ, ಬೀದಿಯ ನಾಲ್ಕೈದು ಮನೆಯವರೂ ಮಾಡಲಿ.

ಕೊನೆಗೆ ಬ್ಯಾಟರಿ ಸತ್ತಾಗ ಗುಜರಿಯವರಿಗೆ ಕೊಡಬೇಡಿ. ಅದರೊಳಗೆ ಸೀಸ ಇದೆ, ಆಸಿಡ್ ಇದೆ, ಕೆಲವರು ಆಸಿಡ್ಡನ್ನ ಚರಂಡಿಗೋ ಗದ್ದೆ ಬದುವಿಗೋ ಸುರಿದು ಸೀಸ ಮಾತ್ರ ಒಯ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆಯೋ ಹೊಣೆ ತಯಾರಕರದ್ದೇ. ಹೊಸದು ಕೊಳ್ಳೋ ಅಂಗಡಿಯಲ್ಲೇ ಎಕ್ಸ್‌ಚೇಂಜ್ ಮಾಡಿ. ಹೊಸದರ ಬೆಲೆ ಪಕ್ಕಾ ಮಾಡಿಕೊಂಡ ಮೇಲೆ "ಹಳೇದು ಇದೆ, ಅದಕ್ಕೆಷ್ಟು ಬಿಡ್ತೀರಾ?" ಅಂತ ಕೇಳಿ. ಎರಡನ್ನೂ ಒಟ್ಟಿಗೆ ಮಾತಾಡಿದರೆ ಎಕ್ಸ್‌ಚೇಂಜಿನಲ್ಲಿ ಕೊಟ್ಟದ್ದನ್ನ ಬೆಲೆಯಲ್ಲಿ ಸೇರಿಸಿರ್ತಾರೆ.